ಕೊನೆಯ ಸಂಪರ್ಕ 4.40: ಕಾಣೆಯಾದ ಒಬ್ಬ ಯೋಧನ ಫೈಲು

ನಾನು ಸೈನ್ಯದಲ್ಲಿ ಕ್ಲಾರ್ಕ್ ಆಗಿದ್ದೆ. ಜವಾನರ ರಜೆ, ಸಂಬಳ, ಗಾಯ, ಸಾವು ಎಲ್ಲವನ್ನೂ ಕಾಗದಕ್ಕೆ ಇಳಿಸುವುದು ನನ್ನ ಕೆಲಸ. ನಿವೃತ್ತಿಯಾಗಿ ಬಂದ ಮೇಲೆ ಮಾಜಿ ಸೈನಿಕರ ಮನೆಯವರಿಗೆ ಅರ್ಜಿ ಬರೆದುಕೊಡುತ್ತಾ ಇದ್ದೇನೆ. ಇಲ್ಲಿ ಹೇಳುತ್ತಿರುವುದು ಅಂಥ ಒಂದು ಮನೆಯ ಕತೆ. ಮನೆಯವರ ಒಪ್ಪಿಗೆ ಇದೆ. ಆದರೂ ಹೆಸರು, ಊರು, ರೆಜಿಮೆಂಟು, ಕಚೇರಿ ಯಾವುದನ್ನೂ ಬರೆಯುವುದಿಲ್ಲ. ಗುರುತು ಹತ್ತಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಇದೇ ಥರ ಕಾಯುತ್ತಿರುವ ಮನೆಗಳು ಇನ್ನೂ ಇವೆ. ಅವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

1971ರ ಡಿಸೆಂಬರ್ ಕೊನೆಯ ವಾರ. ಉತ್ತರ ಕರ್ನಾಟಕದ ಒಂದು ಹಳ್ಳಿಗೆ ತಂತಿ ಬಂತು. ಇಂಗ್ಲಿಷಿನಲ್ಲಿತ್ತು. ಶಾಲೆಯ ಮಾಸ್ತರರು ಓದಿ ಹೇಳಿದರು: ನಿಮ್ಮ ಮಗ ಡಿಸೆಂಬರ್ 5ರಿಂದ ಕಾಣೆಯಾಗಿದ್ದಾರೆ. ಅವರಿಗೆ ಆಗ 24 ವರ್ಷ. ಮದುವೆಯಾಗಿ ಒಂದೂವರೆ ವರ್ಷ ಆಗಿತ್ತು. ಹೆಂಡತಿ ಏಳು ತಿಂಗಳ ಬಸುರಿ. ಮಗಳು ಹುಟ್ಟಿದ್ದು ಮುಂದಿನ ಫೆಬ್ರವರಿಯಲ್ಲಿ.

ಅವರು ತೋಪಖಾನೆಯವರು, ರೇಡಿಯೊ ಆಪರೇಟರ್. ತೋಪುಗಳು ಯುದ್ಧದ ಸಾಲಿನಿಂದ ಎಷ್ಟೋ ಹಿಂದೆ ಇರುತ್ತವೆ. ಗುಂಡು ಎಲ್ಲಿ ಬೀಳಬೇಕು ಅಂತ ಮುಂದೆ ನಿಂತು ಹೇಳಲು ಒಂದು ಸಣ್ಣ ತಂಡ ಹೋಗುತ್ತದೆ. ಅದಕ್ಕೆ ಓಪಿ ಪಾರ್ಟಿ ಅಂತಾರೆ. ಒಬ್ಬ ಅಧಿಕಾರಿ, ಇಬ್ಬರು ಮೂವರು ಜವಾನರು, ಒಂದು ರೇಡಿಯೊ ಸೆಟ್. ಈ ತಂಡ ತನ್ನ ರೆಜಿಮೆಂಟಿನ ಜೊತೆ ಇರುವುದಿಲ್ಲ. ಬೇರೆ ಯಾವುದೋ ಪದಾತಿ ಪಲ್ಟನ್ನಿನ ಕಂಪನಿಯ ಜೊತೆ, ಅವರದೇ ಮೋರ್ಚಾದಲ್ಲಿ, ಅಂದರೆ ನೆಲ ತೋಡಿ ಮಾಡಿದ ಕಾವಲು ಜಾಗದಲ್ಲಿ, ಇರುತ್ತದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇದು ಗೊತ್ತಿದ್ದೂ ನಾನು ಬಹಳ ದಿನ ಇದರ ಅರ್ಥ ಹಿಡಿಯಲಿಲ್ಲ.

ಅವರಿದ್ದದ್ದು ಜಮ್ಮುವಿನ ಪಶ್ಚಿಮಕ್ಕಿರುವ ಛಂಬ್ ವಲಯದಲ್ಲಿ. ಡಿಸೆಂಬರ್ 3ರ ರಾತ್ರಿ ಅಲ್ಲಿ ಪಾಕಿಸ್ತಾನದ ದಾಳಿ ಶುರುವಾಯಿತು. ಕೆಲವೇ ದಿನದಲ್ಲಿ ನಮ್ಮ ಪಡೆಗಳು ಮುನವ್ವರ್ ತವಿ ನದಿಯ ಪೂರ್ವ ದಂಡೆಗೆ ಹಿಂದೆ ಸರಿಯಬೇಕಾಯಿತು. 1972ರ ಸಿಮ್ಲಾ ಒಪ್ಪಂದದ ನಂತರ ಗಡಿ ನಿಯಂತ್ರಣ ರೇಖೆ ಗುರುತಿಸಿದಾಗ ಛಂಬ್ ಆ ಕಡೆಗೇ ಉಳಿಯಿತು. ಅಂದರೆ ಅವರು ಕಾಣೆಯಾದ ಜಾಗಕ್ಕೆ ನಮ್ಮವರು ಮತ್ತೆ ಹೋಗಿ ಹುಡುಕುವ ಮಾತೇ ಬರಲಿಲ್ಲ. ಗೆದ್ದ ನೆಲದಲ್ಲಿ ಕಾಣೆಯಾದವರ ಕತೆ ಬೇರೆ, ಬಿಟ್ಟು ಬಂದ ನೆಲದಲ್ಲಿ ಕಾಣೆಯಾದವರ ಕತೆ ಬೇರೆ.

1972ರ ಡಿಸೆಂಬರ್ 1ರಂದು ವಾಘಾ ಗಡಿಯಲ್ಲಿ ನಮ್ಮ ಯುದ್ಧಕೈದಿಗಳು ವಾಪಸ್ ಬಂದರು. ಆರುನೂರಕ್ಕಿಂತ ಜಾಸ್ತಿ ಜನ. ಆ ದಿನದ ರೇಡಿಯೊ ವಾರ್ತೆಯನ್ನು ಇಡೀ ಮನೆ ಕೂತು ಕೇಳಿತಂತೆ. ಅವರು ಬರಲಿಲ್ಲ. 1973ರಲ್ಲಿ ಒಂದು ಕಾಗದ ಬಂತು: ಯುದ್ಧದಲ್ಲಿ ಮೃತರಾಗಿದ್ದಾರೆ, ದಿನಾಂಕ ಡಿಸೆಂಬರ್ 4. ಪಿಂಚಣಿ ಶುರುವಾಯಿತು. ಹೆಂಡತಿ ಪಿಂಚಣಿ ತೆಗೆದುಕೊಂಡರು. ಮಗಳನ್ನು ಓದಿಸಬೇಕಿತ್ತಲ್ಲ. ಆದರೆ ಕುಂಕುಮ ಅಳಿಸಲಿಲ್ಲ. ಪಿತೃಪಕ್ಷದಲ್ಲಿ ಅವರ ಹೆಸರಿಗೆ ಎಡೆ ಇಡಲು ಬಿಡಲಿಲ್ಲ. ನಾನು ಮೊದಲ ಸಲ ಹೋದಾಗ ಅವರಿಗೆ ಅರವತ್ತು ದಾಟಿತ್ತು. ಒಂದೇ ಮಾತು ಹೇಳಿದರು: “ಸರ್ಕಾರ ಸತ್ತಾರ ಅಂದೈತಿ. ನಾ ಇನ್ನೂ ಅಂದಿಲ್ಲ.”

ನಲವತ್ತು ವರ್ಷ ಕೇಳಿದ್ದು

ಜವಾನರ ತಂದೆ ಬದುಕಿರುವ ತನಕ ಪತ್ರ ಬರೆದರು. ಅವರ ನಂತರ ಜವಾನರ ತಮ್ಮ, ಅಂದರೆ ಮಗಳಿಗೆ ಕಾಕಾ, ಬರೆದರು. ರೆಜಿಮೆಂಟಿಗೆ, ಮಂತ್ರಿಗಳಿಗೆ, ಸಂಸದರಿಗೆ. ಪ್ರತಿ ಪತ್ರದಲ್ಲೂ ಕೇಳಿದ್ದು ಒಂದೇ: ಅಣ್ಣ ಎಲ್ಲಿದ್ದಾನೆ? ಪ್ರತಿ ಉತ್ತರವೂ ಒಂದೇ: ವಿಷಯ ಗಮನದಲ್ಲಿದೆ.

1979ರಲ್ಲಿ ಲೋಕಸಭೆಯಲ್ಲಿ ಸರ್ಕಾರ ಒಂದು ಪಟ್ಟಿ ಮುಂದಿಟ್ಟಿತು. ಪಾಕಿಸ್ತಾನದ ಸೆರೆಯಲ್ಲಿ ಇರಬಹುದು ಅಂತ ನಂಬಲಾದವರ ಹೆಸರುಗಳು. ‘ಕಾಣೆಯಾದ 54 ಜನ’ ಅಂತ ಮುಂದೆ ಹೆಸರಾದದ್ದು ಇದರಿಂದಲೇ. ಕಾಕಾ ಆ ಪಟ್ಟಿಗಾಗಿ ಜಿಲ್ಲಾ ಕೇಂದ್ರಕ್ಕೆ ಹೋಗಿ ಪತ್ರಿಕೆ ಹುಡುಕಿದರು. ಅಣ್ಣನ ಹೆಸರು ಇರಲಿಲ್ಲ. ಅಲ್ಲಿಂದ ಮುಂದೆ ಮೂವತ್ತು ವರ್ಷ ಅವರ ಹೋರಾಟವೆಲ್ಲ ಪಟ್ಟಿಗೆ ಹೆಸರು ಸೇರಿಸುವುದಕ್ಕೇ ಹೋಯಿತು. 1983ರಲ್ಲಿ ಕೆಲವು ಕುಟುಂಬದವರು ಪಾಕಿಸ್ತಾನಕ್ಕೆ ಹೋಗಿ ಬಂದರು. 2007ರಲ್ಲಿ 14 ಜನ ಬಂಧುಗಳು ಹೋಗಿ ಅಲ್ಲಿನ ಜೈಲುಗಳನ್ನು ನೋಡಿ ಬಂದರು. ಎರಡು ಸಲವೂ ತಮ್ಮವರು ಯಾರಿಗೂ ಸಿಗಲಿಲ್ಲ. ಎರಡು ಸಲವೂ ಈ ಮನೆಯವರಿಗೆ ಕರೆ ಬರಲಿಲ್ಲ.

ನಡುವೆ ಒಂದು ಕೆಟ್ಟದ್ದೂ ನಡೆಯಿತು. ತೊಂಬತ್ತರ ದಶಕದಲ್ಲಿ ಒಬ್ಬ ಮನೆ ಹುಡುಕಿಕೊಂಡು ಬಂದ. ಪಾಕಿಸ್ತಾನದ ಜೈಲಿನಲ್ಲಿ ಕನ್ನಡ ಮಾತಾಡುವ ಒಬ್ಬರನ್ನು ಕಂಡವರು ನನಗೆ ಗೊತ್ತು, ಅವರ ಕೈಯಲ್ಲಿ ಚೀಟಿ ತರಿಸುತ್ತೇನೆ ಅಂದ. ಕಾಕಾ ಹೊಲದ ಒಂದು ತುಂಡು ಅಡ ಇಟ್ಟು ಹಣ ಕೊಟ್ಟರು. ಚೀಟಿ ಬರಲಿಲ್ಲ, ಅವನೂ ಮತ್ತೆ ಬರಲಿಲ್ಲ. ಇದನ್ನು ಯಾಕೆ ಬರೆಯುತ್ತೇನೆ ಅಂದರೆ, ಸರ್ಕಾರ ಬಾಯಿ ಬಿಡದ ಜಾಗದಲ್ಲಿ ಇಂಥವರು ಬಂದು ಮಾತಾಡುತ್ತಾರೆ. ಕಾಕಾ ದಡ್ಡರಲ್ಲ. ಅವರಿಗೆ ಬೇರೆ ಯಾರೂ ಏನೂ ಹೇಳಿರಲಿಲ್ಲ, ಅಷ್ಟೇ.

ಮೊದಲ ಅರ್ಜಿ, ನನ್ನ ತಪ್ಪು

2013ರಲ್ಲಿ ಮಗಳು ನನ್ನ ಬಳಿ ಬಂದರು. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಮಗಳು ಹೇಳಿದ್ದನ್ನೇ ನಾನು ಇಂಗ್ಲಿಷಿನಲ್ಲಿ ಬರೆದು ದೆಹಲಿಯ ಒಂದು ಸಚಿವಾಲಯಕ್ಕೆ ಕಳಿಸಿದೆ. ನಮ್ಮ ತಂದೆ ಬದುಕಿದ್ದಾರೆಯೇ? ಪಾಕಿಸ್ತಾನದ ಯಾವ ಜೈಲಿನಲ್ಲಿದ್ದಾರೆ? ಅವರನ್ನು ಬಿಡಿಸಲು ಸರ್ಕಾರ ಏನು ಮಾಡಿದೆ?

ಉತ್ತರ ಸಮಯಕ್ಕೆ ಸರಿಯಾಗಿ ಬಂತು. ತನ್ನ ವಶದಲ್ಲಿ ಭಾರತದ ಯುದ್ಧಕೈದಿಗಳು ಇದ್ದಾರೆ ಅಂತ ಪಾಕಿಸ್ತಾನ ಒಪ್ಪಿಲ್ಲ. ವಿಷಯವನ್ನು ಆಗಾಗ ಅವರ ಮುಂದೆ ಎತ್ತಲಾಗುತ್ತಿದೆ. ಉಳಿದದ್ದು ವಿದೇಶ ಸಂಬಂಧಕ್ಕೆ ಸೇರಿದ್ದರಿಂದ ಸೆಕ್ಷನ್ 8(1)(ಎ) ಪ್ರಕಾರ ಕೊಡಲಾಗದು. ಮೇಲ್ಮನವಿ ಹಾಕಿದೆವು. ಅದೂ ಬಿದ್ದುಹೋಯಿತು.

ಮಗಳು ಅತ್ತರು. ನನಗೂ ಸಿಟ್ಟು ಬಂತು. ಆದರೆ ಉತ್ತರವನ್ನು ಎರಡು ಮೂರು ಸಲ ಓದಿದ ಮೇಲೆ ತಪ್ಪು ಅರ್ಜಿಯಲ್ಲೇ ಇತ್ತು ಅನಿಸಿತು. ಈ ಕಾಯ್ದೆಯಲ್ಲಿ ಮಾಹಿತಿ ಅಂದರೆ ಕಚೇರಿಯ ಕೈಯಲ್ಲಿರುವ ದಾಖಲೆ. ಇರುವ ಕಾಗದವನ್ನು ಕೊಡುವುದಷ್ಟೇ ಮಾಹಿತಿ ಅಧಿಕಾರಿಯ ಕೆಲಸ. ‘ಬದುಕಿದ್ದಾರೆಯೇ’ ಅನ್ನೋದಕ್ಕೆ ಅವರ ಫೈಲಿನಲ್ಲಿ ಉತ್ತರ ಇಲ್ಲ. ನಾವು ಆಸೆಯನ್ನು ಪ್ರಶ್ನೆ ಮಾಡಿ ಕಳಿಸಿದ್ದೆವು. ಕಾಗದವನ್ನು ಕೇಳಿರಲೇ ಇಲ್ಲ.

ಇದೇ ಹೊತ್ತಿಗೆ ಕಾಕಾ ಇನ್ನೊಂದು ದಾರಿ ಹೇಳಿದರು: ಕೋರ್ಟು. 2011ರಲ್ಲಿ ಗುಜರಾತ್ ಹೈಕೋರ್ಟ್, 54 ಜನರ ವಿಷಯವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಿರಿ ಅಂತ ಕೇಂದ್ರಕ್ಕೆ ಹೇಳಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತ್ತು. ಅದರ ಜೊತೆ ಸೇರಿಕೊಳ್ಳೋಣ ಅನ್ನೋದು ಕಾಕಾ ವಾದ. ನಾನು ಬೇಡ ಅಂದೆ. ಆ ಕೇಸಿನ ಬಗ್ಗೆ ನನಗೆ ಗೌರವ ಇದೆ. ಆದರೆ ನಮ್ಮ ಜವಾನರು ಕಾಣೆಯಾಗಿದ್ದಾರೆ ಅಂತಲೇ ಸರ್ಕಾರದ ಪುಸ್ತಕದಲ್ಲಿ ಇಲ್ಲ, ಸತ್ತಿದ್ದಾರೆ ಅಂತ ಇದೆ. ಅಲ್ಲಿಗೆ ಹೋದರೆ ಮೊದಲು ಕೇಳುವುದೇ ಅದನ್ನು. ಮೊದಲು ‘ಸತ್ತಿದ್ದಾರೆ’ ಅಂತ ಬರೆದದ್ದು ಯಾವ ಆಧಾರದ ಮೇಲೆ ಅಂತ ತಿಳಿಯಬೇಕು. ಕಾಕಾಗೆ ಬೇಜಾರಾಯಿತು. ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು.

ಟ್ರಂಕು

ಮನೆಯಲ್ಲಿದ್ದ ಕಾಗದವನ್ನೆಲ್ಲ ನೋಡಬೇಕು ಅಂದೆ. ತಾಯಿ ಒಳಗಿನಿಂದ ಕಪ್ಪು ಬಣ್ಣದ ತಗಡಿನ ಟ್ರಂಕು ಎಳೆದು ತಂದರು. ಗಂಡ ಕೊನೆಯ ರಜೆಗೆ ತಂದಿದ್ದೇ ಅದು. ನೆಲದ ಮೇಲೆ ಚಾಪೆ ಹಾಸಿ ಒಂದೊಂದೇ ಕಾಗದವನ್ನು ತಾರೀಖಿನ ಪ್ರಕಾರ ಜೋಡಿಸುತ್ತಾ ಹೋದೆವು. ಮಗಳು ಪ್ರತಿಯೊಂದರ ಫೋಟೊ ತೆಗೆದರು. ತಂತಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಮಡಿಕೆಯಲ್ಲಿ ಹರಿದಿತ್ತು, ಹಿಂದೆ ಅಂಚೆಚೀಟಿಯ ಅಂಚಿನ ಕಾಗದ ಅಂಟಿಸಿದ್ದರು.

ಹಾಗೆ ಜೋಡಿಸಿದಾಗ ಕಣ್ಣಿಗೆ ಬಿತ್ತು. ತಂತಿಯಲ್ಲಿ ಡಿಸೆಂಬರ್ 5. ಪಿಂಚಣಿ ಕಾಗದದಲ್ಲಿ ಡಿಸೆಂಬರ್ 4. ಕಾಣೆಯಾಗುವ ಹಿಂದಿನ ದಿನವೇ ಸತ್ತಿದ್ದು ಹೇಗೆ?

ನಾನು ಎಷ್ಟೋ ವರ್ಷ ಇಂಥ ಕಾಗದ ಬರೆದವನು. ಸೈನ್ಯದ ದಾಖಲೆಯಲ್ಲಿ ತಾರೀಖು ಸುಮ್ನೆ ಬದಲಾಗುವುದಿಲ್ಲ. ಯಾರೋ ಹೇಳಿರಬೇಕು, ಯಾರೋ ಬರೆದಿರಬೇಕು, ಯಾರೋ ಸಹಿ ಹಾಕಿರಬೇಕು. ಆ ಕಾಗದ ಎಲ್ಲೋ ಇರಬೇಕು.

ಹೊಸ ಅರ್ಜಿ ಬರೆದೆವು. ಈ ಸಲ ದೆಹಲಿಗಲ್ಲ, ಜವಾನರ ದಾಖಲೆ ಇಟ್ಟಿರುವ ಕಚೇರಿಗೆ. ‘ಯಾಕೆ’, ‘ಎಲ್ಲಿ’ ಅನ್ನೋ ಪದವನ್ನೇ ಬಳಸಲಿಲ್ಲ. ಜವಾನರ ನಂಬರ್ ಹಾಕಿ ಇಷ್ಟನ್ನು ಕೇಳಿದೆವು: ಅವರ ಶೀಟ್ ರೋಲ್, ಅಂದರೆ ಸೇವೆಯ ವಿವರ ಬರೆದಿಡುವ ದಾಖಲೆಯ ನಕಲು. ಸತ್ತವರು, ಗಾಯಗೊಂಡವರು, ಕಾಣೆಯಾದವರನ್ನು ಬರೆದಿಡುವ ಕ್ಯಾಶುಯಲ್ಟಿ ರಿಜಿಸ್ಟರಿನಲ್ಲಿ ಡಿಸೆಂಬರ್ 1971ರ, ಅವರ ಹೆಸರಿರುವ ಪುಟ. ಕಾಣೆಯಾದ ಬಗ್ಗೆ ಕೋರ್ಟ್ ಆಫ್ ಇನ್‌ಕ್ವೈರಿ, ಅಂದರೆ ಸೈನ್ಯದ ಒಳಗಿನ ವಿಚಾರಣೆ, ನಡೆದಿದ್ದರೆ ಅದರ ನಡಾವಳಿ. ದಿನಾಂಕವನ್ನು 5ರಿಂದ 4ಕ್ಕೆ ಬದಲಿಸಿದ ಆದೇಶ. ಇವುಗಳಲ್ಲಿ ಯಾವುದಾದರೂ ನಾಶವಾಗಿದ್ದರೆ, ನಾಶ ಮಾಡಿದ ದಾಖಲೆ. ಸೆಕ್ಷನ್ 2(ಜೆ) ಪ್ರಕಾರ ನಾವೇ ಬಂದು ಕಡತ ನೋಡಲು ಅವಕಾಶ.

ಈ ಕೊನೆಯ ಎರಡು ಸಾಲು ಬಹಳ ಮುಖ್ಯ. ‘ಹಳೆಯ ದಾಖಲೆ, ನಾಶವಾಗಿದೆ’ ಅಂತ ಒಂದು ಸಾಲು ಬರೆದು ಮುಗಿಸುವುದು ಸುಲಭ. ನಾಶ ಮಾಡಿದ ಪಟ್ಟಿಯನ್ನೂ ಕೇಳಿದರೆ ಯಾರಾದರೂ ಎದ್ದು ಹೋಗಿ ಕಪಾಟು ತೆರೆದು ನೋಡಲೇಬೇಕಾಗುತ್ತದೆ.

ಮೊದಲ ಉತ್ತರದಲ್ಲಿ ಶೀಟ್ ರೋಲ್ ಬಂತು. ಇನ್‌ಕ್ವೈರಿ ನಡಾವಳಿ ನಾಶವಾಗಿದೆ ಅಂದರು, ಪಟ್ಟಿಯನ್ನೂ ಕಳಿಸಿದರು. ರಿಜಿಸ್ಟರಿನ ಪುಟ ಬಂತು, ಆದರೆ ಎರಡು ಹೆಸರಿನ ಮೇಲೆ ಕಪ್ಪು ಪಟ್ಟಿ ಹಾಕಿದ್ದರು. ಬೇರೆಯವರ ಖಾಸಗಿ ಮಾಹಿತಿ, ಸೆಕ್ಷನ್ 8(1)(ಜೆ) ಅಂತ ಕಾರಣ.

ಇಲ್ಲಿ ಕಾಯ್ದೆಯ ಒಂದು ಸಣ್ಣ ಸಾಲು ನಮ್ಮ ಕೈ ಹಿಡಿಯಿತು. ಸೆಕ್ಷನ್ 8(3). ಅರ್ಜಿ ಹಾಕುವ ದಿನಕ್ಕೆ 20 ವರ್ಷಕ್ಕಿಂತ ಹಿಂದೆ ನಡೆದ ಘಟನೆಯ ಮಾಹಿತಿಯಾದರೆ ಹೆಚ್ಚಿನ ವಿನಾಯಿತಿಗಳು ನಿಲ್ಲುವುದಿಲ್ಲ. ಉಳಿಯುವುದು ಮೂರೇ: ದೇಶದ ಭದ್ರತೆ, ವಿದೇಶ ಸಂಬಂಧ ಮುಂತಾದವಿರುವ (ಎ), ಶಾಸನಸಭೆಯ ಹಕ್ಕುಚ್ಯುತಿಯ (ಸಿ), ಮಂತ್ರಿಮಂಡಲದ ಕಾಗದಗಳ (ಐ). ಖಾಸಗಿ ಮಾಹಿತಿಯ (ಜೆ) ಈ ಮೂರರಲ್ಲಿ ಇಲ್ಲ. 1971ರ ಘಟನೆಗೆ 40 ವರ್ಷ ದಾಟಿತ್ತು. ಮೇಲ್ಮನವಿಯಲ್ಲಿ ಇದೊಂದನ್ನೇ ಬರೆದೆವು. ಸಿಟ್ಟಿನ ಒಂದು ಪದವೂ ಇರಲಿಲ್ಲ.

ರಿಜಿಸ್ಟರಿನ ಪುಟ

ಮೇಲ್ಮನವಿ ಕೇಳಿದವರು ಒಬ್ಬ ಹಿರಿಯ ಅಧಿಕಾರಿ. ಬನ್ನಿ, ನೀವೇ ನೋಡಿ ಅಂತ ದಿನ ಕೊಟ್ಟರು. ಮಗಳು ಮತ್ತು ನಾನು ರೈಲಿನಲ್ಲಿ ಹೋದೆವು. ಉದ್ದನೆಯ ಹಳೆಯ ರಿಜಿಸ್ಟರನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಬಟ್ಟೆಯ ಬೈಂಡು, ಅಂಚು ಕಂದು ತಿರುಗಿತ್ತು. ಅಧಿಕಾರಿ ತಮ್ಮ ಕುರ್ಚಿಯನ್ನೇ ಮಗಳ ಕಡೆ ಸರಿಸಿ, ಕೂತು ಓದಮ್ಮ ಅಂದರು. ನಲವತ್ತು ವರ್ಷದಲ್ಲಿ ಆ ಮನೆಯವರಿಗೆ ಒಂದು ಕಚೇರಿಯಲ್ಲಿ ಕುರ್ಚಿ ಸಿಕ್ಕಿದ್ದು ಅದೇ ಮೊದಲಂತೆ.

ಜವಾನರ ಹೆಸರಿನ ಮುಂದೆ ಮೂರು ಕೈಬರಹ ಇತ್ತು. ಮೊದಲನೆಯದು ನೀಲಿ ಶಾಯಿ: ಕಾಣೆ, 5 ಡಿಸೆಂಬರ್, ಕೊನೆಯ ರೇಡಿಯೊ ಸಂಪರ್ಕ ಬೆಳಗಿನ ಜಾವ 4.40. ಎರಡನೆಯದು 1973ರ ಜನವರಿಯದು: ವಾಪಸ್ ಬಂದ ಇಬ್ಬರು ಕೈದಿಗಳ ಹೇಳಿಕೆ, ಗಾಯಗೊಂಡಿದ್ದನ್ನು ನೋಡಿದ್ದಾರೆ, ಬದುಕಿರುವ ಸಾಧ್ಯತೆ ಕಡಿಮೆ. ಪಕ್ಕದಲ್ಲಿ ಆ ಇಬ್ಬರ ಹೆಸರು, ನಂಬರು. ಮೂರನೆಯದು ಕೆಂಪು ಶಾಯಿ: ಯುದ್ಧದಲ್ಲಿ ಮೃತ, 4 ಡಿಸೆಂಬರ್.

ನಾಲ್ಕು ಹೇಗೆ ಬಂತು ಅಂತ ಮೇಲಿನ ಸಾಲು ನೋಡಿದಾಗ ಗೊತ್ತಾಯಿತು. ಆ ಓಪಿ ಪಾರ್ಟಿಯ ಅಧಿಕಾರಿ 4ರಂದು ತೀರಿಕೊಂಡಿದ್ದರು. ಕೆಂಪು ಶಾಯಿಯಲ್ಲಿ ಇಡೀ ತಂಡಕ್ಕೆ ಒಂದೇ ತಾರೀಖು ಹಾಕಿ, ಒಂದೇ ಆವರಣ ಎಳೆದು, ಒಂದೇ ಸಹಿ ಹಾಕಿದ್ದರು. ಬರೆದವರನ್ನು ನಾನು ದೂರುವುದಿಲ್ಲ. ಯುದ್ಧ ಮುಗಿದ ಮೇಲೆ ಕ್ಲಾರ್ಕ್ ಮೇಜಿನ ಮೇಲೆ ಎಷ್ಟು ಹೆಸರು ಬರುತ್ತವೆ ಅಂತ ನನಗೆ ಗೊತ್ತು. ಪಿಂಚಣಿ ಬೇಗ ಸಿಗಲಿ ಅನ್ನೋ ಒಳ್ಳೆಯ ಮನಸ್ಸೂ ಇದ್ದಿರಬಹುದು. ಆದರೆ ‘ಬದುಕಿರುವ ಸಾಧ್ಯತೆ ಕಡಿಮೆ’ ಅನ್ನೋದು ‘ಮೃತ’ ಆಗಿದ್ದು ಆ ಒಂದು ಗೆರೆಯಲ್ಲಿ. ಮನೆಯವರಿಗೆ ಹೇಳಿದ್ದು ಕೊನೆಯ ಪದವನ್ನು ಮಾತ್ರ. ನಡುವಿನ ಸಾಲನ್ನು ಯಾರೂ ಹೇಳಲಿಲ್ಲ.

ಆಗಲೇ ನನಗೆ ಇನ್ನೊಂದು ಹೊಳೆಯಿತು. ಹೇಳಿಕೆ ಕೊಟ್ಟ ಆ ಇಬ್ಬರೂ ತೋಪಖಾನೆಯವರಲ್ಲ, ಪದಾತಿ ಪಲ್ಟನ್ನಿನವರು. ಕಾಕಾ ನಲವತ್ತು ವರ್ಷ ಅಣ್ಣನ ರೆಜಿಮೆಂಟಿನ ಹಳಬರನ್ನೇ ಹುಡುಕಿ ಹುಡುಕಿ ಕೇಳಿದ್ದರು. ಎಲ್ಲರೂ ಗೊತ್ತಿಲ್ಲ ಅಂದಿದ್ದರು. ಅವರು ಮುಚ್ಚಿಟ್ಟಿದ್ದಲ್ಲ, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ತೋಪುಗಳು ಇದ್ದದ್ದು ಬಹಳ ಹಿಂದೆ. ಕೊನೆಯ ತನಕ ಜೊತೆಗಿದ್ದವರು ಬೇರೆ ಪಲ್ಟನ್, ಬೇರೆ ಭಾಷೆ, ಬೇರೆ ರಾಜ್ಯದವರು. ಓಪಿ ಪಾರ್ಟಿ, ಸಿಗ್ನಲ್ಸ್, ಎಂಜಿನಿಯರ್ಸ್, ನರ್ಸಿಂಗ್ ಸಹಾಯಕ, ಹೀಗೆ ಬೇರೆಡೆಗೆ ಜೋಡಿಸಿ ಕಳಿಸಿದ ಯಾವ ಜವಾನರ ವಿಷಯದಲ್ಲೂ ಇದನ್ನೇ ಮೊದಲು ಕೇಳಬೇಕು: ಆ ದಿನ ಅವರು ಯಾರ ಮೋರ್ಚಾದಲ್ಲಿದ್ದರು?

ಸಾಕ್ಷಿ

ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ಉತ್ತರದ ಒಂದು ರಾಜ್ಯದಲ್ಲಿ ಇದ್ದಾರೆ ಅಂತ ಅವರ ಪಲ್ಟನ್ನಿನ ಹಳಬರ ಸಂಘದಿಂದ ತಿಳಿಯಿತು. ಫೋನ್ ನಂಬರ್ ಕೂಡ ಸಿಕ್ಕಿತು. ಮಗಳು ಆಗಲೇ ಫೋನ್ ಮಾಡಲು ಹೊರಟರು. ನಾನು ತಡೆದೆ. ಕಾಯ್ದೆ ಹೆಸರು ಕೊಡಿಸಿತು, ಸರಿ. ಆದರೆ ಒಂದು ವರ್ಷ ಸೆರೆಯಲ್ಲಿದ್ದು ಬಂದ, ಎಪ್ಪತ್ತರ ಹತ್ತಿರದ ಮನುಷ್ಯ. ಏಕಾಏಕಿ ‘ನಮ್ಮ ತಂದೆಯನ್ನು ಬಿಟ್ಟು ಬಂದವರು ನೀವೇನಾ’ ಅಂತ ಕೇಳಿದ ಹಾಗೆ ಆಗಬಾರದು ಅಲ್ವಾ? ಹಿಂದಿಯಲ್ಲಿ ಒಂದು ಪತ್ರ ಬರೆದೆವು. ನಾವು ಯಾರು, ಯಾಕೆ ಬರೆಯುತ್ತಿದ್ದೇವೆ, ನಿಮಗೆ ಮಾತಾಡುವ ಮನಸ್ಸಿದ್ದರೆ ಮಾತ್ರ ಬರುತ್ತೇವೆ. ಜವಾನರ ಮದುವೆಯ ಫೋಟೊ ಒಂದನ್ನು ಜೊತೆಗೆ ಇಟ್ಟೆವು.

ಹತ್ತು ದಿನಕ್ಕೆ ಅವರೇ ಫೋನ್ ಮಾಡಿದರು. “ಬೇಟಿ, ಬೇಗ ಬಾ. ನನಗೆ ವಯಸ್ಸಾಯಿತು.”

ಈ ಸಲ ತಾಯಿಯೂ ಬಂದರು. ಅವರಿಗೆ ಹಿಂದಿ ಬಾರದು. ನಾನು ನಡುವೆ ಕೂತು ಹೇಳುತ್ತಾ ಹೋದೆ. ಅಧಿಕಾರಿ ತೀರಿಕೊಂಡ ಮೇಲೂ ಆ ಜವಾನರು ರಾತ್ರಿಯಿಡೀ ಸೆಟ್ ಮುಂದೆ ಕೂತು ಮಾತಾಡುತ್ತಲೇ ಇದ್ದರಂತೆ. ಬೆಳಗಿನ ಜಾವ ಮೋರ್ಚಾ ಬಿಡುವ ಮಾತು ಬಂತು. ವೈರಿಯ ಕೈಗೆ ಸಿಗಬಾರದು ಅಂತ ಅವರೇ ಸೆಟ್ಟನ್ನು ರೈಫಲಿನ ಹಿಡಿಯಿಂದ ಹೊಡೆದು ಒಡೆದರು. 4.40ಕ್ಕೆ ರೇಡಿಯೊ ನಿಂತದ್ದು ಅದಕ್ಕೆ. ಆಗ ಅವರು ಆರಾಮವಾಗಿ ಇದ್ದರು. ಗಾಯವಾಗಿದ್ದು ಆಮೇಲೆ, ತೊಡೆಗೆ. ಇಬ್ಬರು ಸೇರಿ ಪಟ್ಟಿ ಕಟ್ಟಿ ಮೋರ್ಚಾದ ಒಳಗೆ ಮಲಗಿಸಿದರು. ಹೊತ್ತುಕೊಂಡು ಹೋಗಲು ನೋಡಿದರು, ಆಗಲಿಲ್ಲ. ನೀರಿನ ಬಾಟಲಿ ಪಕ್ಕಕ್ಕಿಟ್ಟು, ಸ್ಟ್ರೆಚರ್ ತರುತ್ತೇವೆ ಅಂತ ಹೇಳಿ ಹೊರಟರು. ಸ್ವಲ್ಪ ದೂರದಲ್ಲೇ ಅವರಿಬ್ಬರೂ ಸೆರೆ ಸಿಕ್ಕರು. ಸೂರ್ಯ ಹುಟ್ಟಿದ ಮೇಲೆ ಆ ದಾರಿಯಲ್ಲೇ ಅವರನ್ನು ನಡೆಸಿಕೊಂಡು ಹೋದರು. ಮೋರ್ಚಾದ ಕಡೆ ಕತ್ತು ತಿರುಗಿಸಿದರೆ ಹೊಡೆದರು.

ಸತ್ತದ್ದನ್ನು ನೀವು ನೋಡಿದಿರಾ ಅಂತ ಮಗಳು ಕೇಳಿದರು. ಇಲ್ಲ ಅಂದರು. 1973ರಲ್ಲೂ ನೋಡಿಲ್ಲ ಅಂತಲೇ ಹೇಳಿದ್ದೆ. ಬದುಕಿರುವುದು ಕಷ್ಟ ಅಂತ ನನಗೆ ಅನಿಸುತ್ತದೆ ಅಂದಿದ್ದೆ. ಅವರು ಏನು ಬರೆದುಕೊಂಡರೋ ಗೊತ್ತಿಲ್ಲ.

ತಾಯಿ ಅಲ್ಲಿಯತನಕ ಬಾಯಿ ಬಿಟ್ಟಿರಲಿಲ್ಲ. ನನ್ನ ಕಡೆ ತಿರುಗಿ ಕೇಳಿದ್ದು ಒಂದೇ: “ಚಳಿ ಇತ್ತೇನ್ ಕೇಳ್ರಿ.”

ಕೇಳಿದೆ. ಆ ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ತುಂಬಾ ಚಳಿ ಇತ್ತು. ನನ್ನ ಕಂಬಳಿ ಹೊದಿಸಿ ಬಂದೆ.

ಸರ್ಕಾರಕ್ಕೆ ಏನು ಕೇಳಿದೆವು, ಏನು ಕೇಳಲಿಲ್ಲ

ಊರಿಗೆ ಬಂದ ಮೇಲೆ ಮನೆಯಲ್ಲಿ ಎರಡು ಅಭಿಪ್ರಾಯ. ಈಗ ಸಾಕ್ಷಿ ಇದೆ, ಅಣ್ಣನನ್ನು ‘ಕಾಣೆ’ ಅಂತ ತಿದ್ದಿಸಿ ಪಟ್ಟಿಗೆ ಸೇರಿಸಲೇಬೇಕು ಅಂತ ಕಾಕಾ. ಅಪ್ಪ ಗಾಯಗೊಂಡು ಸೆರೆ ಸಿಕ್ಕಿರಬಹುದು ಅನ್ನೋ ಬಾಗಿಲು ಮತ್ತೆ ತೆರೆದರೆ ಅವ್ವ ತಡೆದುಕೊಳ್ಳಲಾರಳು ಅಂತ ಮಗಳು.

ಆ ಬಾಗಿಲನ್ನು ನಾವು ಒಮ್ಮೆ ತಟ್ಟಿ ನೋಡಿದೆವು. 1949ರ ಮೂರನೇ ಜಿನೀವಾ ಒಪ್ಪಂದದ 70ನೇ ವಿಧಿ ಪ್ರಕಾರ, ಸೆರೆ ಸಿಕ್ಕ ಸೈನಿಕರು ಶಿಬಿರ ಸೇರಿದ ಒಂದು ವಾರದೊಳಗೆ ಮನೆಗೂ ಜಿನೀವಾದ ಕೇಂದ್ರ ಸಂಸ್ಥೆಗೂ ಒಂದು ಕಾರ್ಡು ಬರೆಯಲು ಅವಕಾಶ ಕೊಡಬೇಕು. ಹಾಗಾಗಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಗೆ ಹೆಸರು, ನಂಬರು, ಹುಟ್ಟಿದ ದಿನ ಕೊಟ್ಟು ಬರೆದೆವು. ಏಳು ತಿಂಗಳ ಮೇಲೆ ಮರ್ಯಾದೆಯಿಂದ ಉತ್ತರ ಬಂತು. ನೋಂದಣಿಯಾದ ಕೈದಿಗಳಲ್ಲಿ ಆ ಹೆಸರು ಇಲ್ಲ. ನೋಂದಣಿ ಆಗದವರೂ ಇದ್ದಿರಬಹುದು ಅಂತ ಕಾಕಾ ಅಂದರು. ಅದು ನಿಜ. ಆದರೆ ಅಷ್ಟು ಗಾಯಗೊಂಡವರು, ಅಷ್ಟು ಚಳಿ. ನಾನು ಬೇರೆ ಏನೂ ಹೇಳಲಿಲ್ಲ.

ಕೊನೆಗೆ ತೀರ್ಮಾನ ಮಾಡಿದ್ದು ತಾಯಿ. ಪಟ್ಟಿ ಬೇಡ ಅಂದರು. ಪಿಂಚಣಿ ನಿಲ್ಲುತ್ತದೆ ಅನ್ನೋ ಭಯವೂ ಸ್ವಲ್ಪ ಇತ್ತು, ಅದರಲ್ಲಿ ತಪ್ಪೇನಿಲ್ಲ. “ಖರೇ ಏನೈತಿ ಅಷ್ಟ ಬರೀಲಿ” ಅಂದರು. ಆ ಮಾತಿನ ಮೇಲೆಯೇ ಮನವಿ ತಯಾರಾಯಿತು. ‘ಯುದ್ಧದಲ್ಲಿ ಮೃತ’ ಅನ್ನುವುದನ್ನು ಬದಲಿಸಿ ಅಂತ ಕೇಳಲಿಲ್ಲ. ದಿನಾಂಕ ಸರಿ ಮಾಡಿ, ಸಾಕ್ಷಿಯ ಹೇಳಿಕೆಯನ್ನು ದಾಖಲೆಗೆ ಸೇರಿಸಿ, ಅಂತ ಎರಡೇ ಕೇಳಿದೆವು. ಹಿರಿಯರು ನೋಟರಿ ಮುಂದೆ ಸಹಿ ಹಾಕಿದ ಹೇಳಿಕೆ ಎರಡು ಪುಟ. ಅದರ ಕನ್ನಡ ಪ್ರತಿಯನ್ನೂ ಮಾಡಿಸಿದೆವು, ತಾಯಿಗಾಗಿ.

ಕಾಕಾ ಇದನ್ನು ಪೂರ್ತಿ ಒಪ್ಪಿಲ್ಲ. 2019ರಲ್ಲಿ ಸರ್ಕಾರ ಸಂಸತ್ತಿನಲ್ಲಿ, ಪಾಕಿಸ್ತಾನದ ವಶದಲ್ಲಿ ಇದ್ದಾರೆಂದು ನಂಬಲಾದ ಕಾಣೆಯಾದ ರಕ್ಷಣಾ ಸಿಬ್ಬಂದಿ 83 ಅಂದಾಗ ನನಗೆ ಫೋನ್ ಮಾಡಿ, ನೋಡ್ರಿ, 54 ಇದ್ದದ್ದು 83 ಆಗೈತಿ ಅಂದರು. ಪಟ್ಟಿಯಲ್ಲಿ ಇರುವವರ ಮನೆಯವರು ಇವತ್ತಿಗೂ ಉತ್ತರ ಸಿಗದೆ ಕೂತಿದ್ದಾರೆ. ಅವರ ಪ್ರಶ್ನೆ ನಮ್ಮದಕ್ಕಿಂತ ದೊಡ್ಡದು, ಅದಕ್ಕೆ ಉತ್ತರ ಕೊಡಬೇಕಾದದ್ದು ಎರಡು ಸರ್ಕಾರಗಳು. ನಾನು ಹೇಳುವುದು ಇಷ್ಟೇ: ಅಲ್ಲಿಯತನಕ ಕಾಯುವ ಮನೆಗೂ ತನ್ನ ದೇಶದ ಕಪಾಟಿನಲ್ಲಿರುವ ರಿಜಿಸ್ಟರು ನೋಡುವ ಹಕ್ಕು ಇದೆ. ಅದನ್ನು ನೋಡಲು ಇಸ್ಲಾಮಾಬಾದಿನ ಒಪ್ಪಿಗೆ ಬೇಕಿಲ್ಲ.

ಒಂದು ಕೆಲಸ ಇನ್ನೂ ಬಾಕಿ ಇದೆ. 2021ರಲ್ಲಿ ರಕ್ಷಣಾ ಸಚಿವಾಲಯ ಯುದ್ಧ ಡೈರಿ ಮತ್ತು ಕಾರ್ಯಾಚರಣೆಯ ದಾಖಲೆಗಳನ್ನು ಬಹಿರಂಗಗೊಳಿಸುವ ಬಗ್ಗೆ ಒಂದು ನೀತಿ ತಂದಿತು. ಸಾಮಾನ್ಯವಾಗಿ 25 ವರ್ಷಕ್ಕೆ ತೆರೆಯಬೇಕು, ಅದಕ್ಕೂ ಹಳೆಯದನ್ನು ತಜ್ಞರು ನೋಡಿ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಡಬೇಕು ಅಂತ ಅದರಲ್ಲಿದೆ. ಆ ಪದಾತಿ ಪಲ್ಟನ್ನಿನ 1971ರ ಡಿಸೆಂಬರ್ ಡೈರಿಯನ್ನು ಕೇಳಿ ಮಗಳು ಅರ್ಜಿ ಹಾಕಿದ್ದಾರೆ. ಉತ್ತರ ಬಂದಿಲ್ಲ. ಕಾಯುತ್ತಿದ್ದೇವೆ.

ದಾಖಲೆ ಕಚೇರಿಯ ಪತ್ರ ಮಾತ್ರ ಬಂತು. ಅರ್ಧ ಪುಟ. ದಿನಾಂಕ 5 ಡಿಸೆಂಬರ್ ಎಂದು ತಿದ್ದಲಾಗಿದೆ, ಲಗತ್ತಿಸಿದ ಹೇಳಿಕೆಯನ್ನು ಶೀಟ್ ರೋಲ್ ಜೊತೆ ಕಾಯಂ ಆಗಿ ಇಡಲಾಗಿದೆ. ಮಗಳು ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದರು. ತಾಯಿ ಪೂರ್ತಿ ಕೇಳಿ, “ಕಂಬಳಿದು ಬರದಾರೇನು?” ಅಂದರು. ಮಗಳು ಹೇಳಿಕೆಯ ಎರಡನೇ ಪುಟ ತೆಗೆದು, ಮೇಲಿನಿಂದ ಮೂರನೇ ಸಾಲಿನ ಮೇಲೆ ಅವರ ಬೆರಳು ಇಡಿಸಿದರು.